ಫೇಸ್ ಅನ್‌ಲಾಕ್: ಎರಡು ಫೋನ್, ನಾಲ್ಕು ವರ್ಷ, ಒಂದು ಫೋಟೊ

ಹಳೇ ಫೋನಿನ ಫೇಸ್ ಅನ್‌ಲಾಕ್ ಎರಡು ವರ್ಷ ಬಳಸಿದೆ. ಕೈಗೆತ್ತಿಕೊಳ್ಳುವಷ್ಟರಲ್ಲಿ ಫೋನ್ ತೆರೆದಿರುತ್ತಿತ್ತು. ಬ್ಯಾಂಕ್ ಆಪ್ ಮಾತ್ರ ಮುಖಕ್ಕೆ ಬಗ್ಗುತ್ತಿರಲಿಲ್ಲ, ಪ್ರತಿ ಸಲ ಬೆರಳೇ ಇಡಬೇಕಿತ್ತು. ಆಪ್ ಮಾಡಿದವರ ಸೋಮಾರಿತನ ಅಂತ ಬೈದುಕೊಂಡಿದ್ದೆ.

ಒಂದು ದಿನ ತಂಗಿ ನನ್ನ ಫೋಟೊವನ್ನು ಟ್ಯಾಬ್‌ನಲ್ಲಿ ದೊಡ್ಡದು ಮಾಡಿ ಫೋನಿನೆದುರು ಹಿಡಿದಳು. ಮೊದಲ ಸಲ ಆಗಲಿಲ್ಲ. ಟ್ಯಾಬ್‌ನ ಬೆಳಕು ತಗ್ಗಿಸಿ, ಟ್ಯೂಬ್‌ಲೈಟ್ ಅದರ ಗಾಜಿನಲ್ಲಿ ಕಾಣದ ಹಾಗೆ ಚೂರು ಓರೆ ಮಾಡಿದಳು. ಬೀಗದ ಚಿತ್ರ ಅಲುಗಿತು, ತೆರೆದೇಬಿಟ್ಟಿತು! "ಅಣ್ಣಾ, ಇದಕ್ಕೆ ನೀನೇ ಬೇಕಾಗಿಲ್ಲ" ಅಂದಳು.

ಆಮೇಲೆ ಬ್ಯಾಂಕ್ ಆಪ್‌ನ ಹಟ ಅರ್ಥವಾಯಿತು. ಆಂಡ್ರಾಯ್ಡ್‌ನಲ್ಲಿ ಮುಖ, ಬೆರಳು ಗುರುತಿಸುವ ವ್ಯವಸ್ಥೆಗಳಿಗೆ ಮೂರು ದರ್ಜೆ ಇವೆ. ನಕಲಿಗೆ ಮೋಸಹೋಗುವುದು ಶೇ. 7ರ ಒಳಗಿದ್ದರೆ ಗಟ್ಟಿ. ಶೇ. 20 ದಾಟಿದರೆ ಕೊನೇ ದರ್ಜೆ. ಅದು ಪರದೆ ತೆರೆಯಲಿಕ್ಕಷ್ಟೇ, ಆಪ್‌ಗಳಿಗೆ ಸಿಗುವುದೇ ಇಲ್ಲ. ನನ್ನ ಫೋನ್ ಬರೀ ಸೆಲ್ಫಿ ಕ್ಯಾಮೆರಾದ ಚಪ್ಪಟೆ ಚಿತ್ರ ನೋಡುತ್ತಿತ್ತು, ಅಷ್ಟೇ. ಹೊಸ ಗೋಳೇನಲ್ಲ ಇದು. 2011ರಲ್ಲಿ ಆಂಡ್ರಾಯ್ಡ್ 4.0 ಬಂದಾಗಲೇ ಫೋಟೊ ತೋರಿಸಿ ತೆರೆದಿದ್ದರು. ಮರುವರ್ಷ ಕಣ್ಣು ಮಿಟುಕಿಸುವ ಪರೀಕ್ಷೆ ಸೇರಿಸಿದರು. ವಿಡಿಯೊದಲ್ಲೂ ಕಣ್ಣು ಮಿಟುಕಿಸಬಹುದು, ಅಲ್ವಾ?

ಈಗ ಎರಡು ವರ್ಷದಿಂದ ಫೇಸ್ ಐಡಿ ಇರುವ ಐಫೋನ್ ಬಳಸುತ್ತಿದ್ದೇನೆ. ಇದು ಕಣ್ಣಿಗೆ ಕಾಣದ 30,000ಕ್ಕೂ ಜಾಸ್ತಿ ಇನ್‌ಫ್ರಾರೆಡ್ ಚುಕ್ಕೆಗಳನ್ನು ಮುಖದ ಮೇಲೆ ಚೆಲ್ಲಿ ಉಬ್ಬುತಗ್ಗು ಅಳೆಯುತ್ತದೆ. ತಂಗಿ ಅದೇ ಟ್ಯಾಬ್ ತಂದು ಅರ್ಧ ಗಂಟೆ ಒದ್ದಾಡಿದಳು. ಐದು ಸಲ ತಪ್ಪಿದರೆ ಪಾಸ್‌ಕೋಡ್ ಕೇಳುತ್ತದೆ. ಪ್ರತಿ ಸಲ ಅದನ್ನು ಹಾಕಿಕೊಟ್ಟು ನನಗೇ ಸಾಕಾಯಿತು.

ಹಾಗಂತ ಇದು ಬ್ರಹ್ಮಾಸ್ತ್ರವಲ್ಲ. ಯಾರೋ ಅಪರಿಚಿತರ ಮುಖಕ್ಕೆ ತೆರೆಯುವ ಸಾಧ್ಯತೆ 10 ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಅನ್ನುವ ಆ್ಯಪಲ್, ಅವಳಿಗಳು ಮತ್ತು 13 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಈ ಲೆಕ್ಕ ನಡೆಯದು ಎಂದೂ ಹೇಳುತ್ತದೆ. ಕಣ್ಣು ಪರದೆಯ ಕಡೆ ಇದ್ದರೆ ಮಾತ್ರ ತೆರೆಯುವ ಆಯ್ಕೆಯೊಂದಿದೆ. ಕೂಲಿಂಗ್ ಗ್ಲಾಸ್ ಹಾಕಿದಾಗ ತೊಂದರೆ ಅಂತ ಕೆಲವರು ಸುಮ್ನೆ ಅದನ್ನು ಆಫ್ ಮಾಡುತ್ತಾರೆ. ನಾನಂತೂ ಮಾಡಲ್ಲ. ನನ್ನ ಮಧ್ಯಾಹ್ನದ ನಿದ್ದೆ ಗಾಢ, ಮನೆಯಲ್ಲಿ ತಂಗಿ ಬೇರೆ ಇದ್ದಾಳೆ. ಫೋನ್ ಬೇರೆಯವರ ಕೈಗೆ ಹೋಗುವಂತಿದ್ದರೆ ಪಕ್ಕದ ಬಟನ್ ಮತ್ತು ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ಹಿಡಿಯುತ್ತೇನೆ. ಮತ್ತೆ ಪಾಸ್‌ಕೋಡ್ ಹಾಕುವ ತನಕ ಮುಖಕ್ಕೆ ಬೆಲೆಯಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹಳೇ ಫೋನ್ ಈಗ ಅಪ್ಪನ ಹತ್ತಿರ ಇದೆ. ಫೇಸ್ ಅನ್‌ಲಾಕ್ ತೆಗೆದು ಬೆರಳಚ್ಚು ಹಾಕಿಕೊಟ್ಟಿದ್ದೇನೆ. "ಮುಂಚೆ ನೋಡಿದ್ರೆ ತೆಗೀತಿತ್ತಲ್ಲೋ" ಅಂತ ಇನ್ನೂ ಗೊಣಗುತ್ತಾರೆ.