ಏಳು ವರ್ಷ ಕಾದು, ಒಂದು ವರ್ಷ ಕೇಳಿ: ಲಿಂಕಿನ್ ಪಾರ್ಕ್‌ನ ‘ಫ್ರಮ್ ಝೀರೋ’

ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್‌ನ ಈ ಆಲ್ಬಂ ಬಂದದ್ದು 2024ರ ನವೆಂಬರ್ 15ರಂದು. ಅವತ್ತೇ ಬರೆಯಬೇಕು ಅನ್ನಿಸಿದರೂ ಬೇಕೆಂದೇ ತಡೆದುಕೊಂಡೆ. ಇದೇ ಬ್ಯಾಂಡಿನ ಹಿಂದಿನ ಆಲ್ಬಂ ‘ಒನ್ ಮೋರ್ ಲೈಟ್’ 2017ರ ಮೇ ತಿಂಗಳಲ್ಲಿ ಬಂದಾಗ, ಗಿಟಾರಿನ ಸದ್ದೇ ಇಲ್ಲ, ಇದು ರಾಕ್ ಅಲ್ಲವೇ ಅಲ್ಲ ಎಂದು ಎರಡು ದಿನ ಕೇಳಿ ಬದಿಗಿಟ್ಟಿದ್ದೆ. ಸಿಕ್ಕಿದವರ ಹತ್ತಿರವೆಲ್ಲ ಅದನ್ನೇ ಹೇಳಿದ್ದೆ. ಎರಡು ತಿಂಗಳಿಗೆ, ಜುಲೈ 20ರಂದು, ಬ್ಯಾಂಡಿನ ಗಾಯಕ ಚೆಸ್ಟರ್ ಬೆನ್ನಿಂಗ್ಟನ್ ತೀರಿಹೋದರು. ಆಮೇಲೆ ಅದೇ ಆಲ್ಬಂ ಹಾಕಿದರೆ, ಮೆತ್ತಗಿದೆ ಎಂದು ನಾನು ದೂರಿದ್ದ ಹಾಡುಗಳನ್ನೇ ಪೂರ್ತಿ ಕೇಳಲಾಗದೆ ನಿಲ್ಲಿಸುವಂತಾಯಿತು. ಆ ಅವಸರ ಇವತ್ತಿಗೂ ಮನಸ್ಸನ್ನು ಚುಚ್ಚುತ್ತದೆ. ಹಾಗಾಗಿ ಈ ಸಲ ವರ್ಷಕ್ಕೂ ಹೆಚ್ಚು ಕಾಲ ಕೇಳಿ, ಹೊಸತನ ಇಳಿದ ಮೇಲೆ ಏನು ಉಳಿಯಿತೋ ಅದನ್ನಷ್ಟೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಚೆಸ್ಟರ್ ಹೋದ ಮೇಲೆ ಏಳು ವರ್ಷ ಬ್ಯಾಂಡ್ ಹೊಸ ಆಲ್ಬಂ ಮಾಡಲಿಲ್ಲ. 2024ರ ಸೆಪ್ಟೆಂಬರ್ 5ರಂದು ನೇರಪ್ರಸಾರದಲ್ಲಿ ಹೊಸ ತಂಡ ಮುಂದೆ ಬಂತು. ಡೆಡ್ ಸಾರಾ ಬ್ಯಾಂಡಿನ ಎಮಿಲಿ ಆರ್ಮ್‌ಸ್ಟ್ರಾಂಗ್ ಗಾಯಕಿಯಾಗಿ ಬಂದರು, ಡ್ರಮ್ಸ್‌ಗೆ ರಾಬ್ ಬೋರ್ಡನ್ ಇದ್ದ ಜಾಗದಲ್ಲಿ ಕಾಲಿನ್ ಬ್ರಿಟನ್ ಕೂತರು. ಹಾಡು, ರ್‍ಯಾಪ್ ಎರಡೂ ಮಾಡುವ ಮೈಕ್ ಶಿನೋಡಾ, ಬ್ರಾಡ್ ಡೆಲ್ಸನ್, ಜೋ ಹಾನ್, ಡೇವ್ ಫ್ಯಾರೆಲ್ ಹಳಬರೇ. ಬ್ಯಾಂಡಿಗೆ ಮೊಟ್ಟಮೊದಲು ಇದ್ದ ಹೆಸರೂ ಝೀರೋ ಎಂದೇ, ಇಂಗ್ಲಿಷಿನಲ್ಲಿ ಅಕ್ಷರ ಮಾತ್ರ ಬೇರೆ (Xero). ಆಲ್ಬಂ ಶುರುವಾಗುವುದೇ ಈ ಮಾತಿನಿಂದ. ಹೆಸರು ಕೇಳಿದ ಎಮಿಲಿ, ಶೂನ್ಯದಿಂದ ಎಂಬ ಅರ್ಥವೇ ಎಂದು ವಿಚಾರಿಸುತ್ತಾರೆ, ತಟ್ಟನೆ ಇನ್ನೊಂದು ಅರ್ಥ ಹೊಳೆಯುತ್ತದೆ, ಆ ವಾಕ್ಯ ಮುಗಿಯುವ ಮೊದಲೇ ಹಾಡು ನುಗ್ಗಿಬರುತ್ತದೆ. ಸ್ಟುಡಿಯೋದ ಆ ಅರ್ಧ ಮಾತು ನನಗೆ ಬಹಳ ಇಷ್ಟ. ಹೊಸಬರೊಬ್ಬರು ಹಳೇ ಮನೆಯ ಕಥೆ ತಿಳಿದುಕೊಳ್ಳುತ್ತಿರುವ ಕ್ಷಣ ಅದು.

ಆಲ್ಬಂ ಬಂದ ವಾರದಲ್ಲಿ ಕೇಳುಗರು ಎರಡು ಭಾಗವಾದರು. ಒಂದು ಕಡೆಯವರದು, ಚೆಸ್ಟರ್ ಇಲ್ಲದ ಮೇಲೆ ಈ ಹೆಸರು ಇಟ್ಟುಕೊಳ್ಳಲೇಬಾರದಿತ್ತು ಎಂಬ ವಾದ. ಇನ್ನೊಂದು ಕಡೆಯವರಿಗೆ 2000ದಲ್ಲಿ ಬಂದ ಮೊದಲ ಆಲ್ಬಂ ‘ಹೈಬ್ರಿಡ್ ಥಿಯರಿ’ಯ ಕಾಲ ಮರಳಿ ಬಂದ ಸಂಭ್ರಮ. ಮೊದಲನೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಹದಿಹರೆಯದಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಯಾರ ದನಿಯನ್ನು ಕೇಳಿ ರಾತ್ರಿ ದಾಟಿದ್ದೆವೋ, ಆ ದನಿಯ ಜಾಗಕ್ಕೆ ಇನ್ನೊಬ್ಬರು ಬರುವುದು ಸಣ್ಣ ಸಂಗತಿಯಲ್ಲ. ಆದರೆ ಎರಡೂ ಕಡೆಯವರು ಮಾತಾಡುತ್ತಿದ್ದದ್ದು ಇಲ್ಲದ ಒಬ್ಬರ ಬಗ್ಗೆ. ಎದುರಿಗಿದ್ದ ಹನ್ನೊಂದು ಟ್ರ್ಯಾಕ್‌ಗಳ ಬಗ್ಗೆ ಮಾತು ಬಂದದ್ದು ಕಡಿಮೆ.

ಆ ಟ್ರ್ಯಾಕ್‌ಗಳಿಗೇ ಬರುತ್ತೇನೆ. ‘ದಿ ಎಂಪ್ಟಿನೆಸ್ ಮೆಷಿನ್’ ಹಾಡನ್ನು ಕಟ್ಟಿರುವ ರೀತಿ ನೋಡಿ. ಮೊದಲ ಚರಣ, ಮೊದಲ ಪಲ್ಲವಿ ಎರಡೂ ಶಿನೋಡಾ ಅವರವೇ. ಎಮಿಲಿ ಬರುವುದು ಎರಡನೇ ಚರಣಕ್ಕೆ. ಮನೆಯ ಹಿರಿಯರು ಕೈಹಿಡಿದು ಒಳಗೆ ಕರೆತಂದು, ಇನ್ನು ನೀನು ಮಾತಾಡು ಎಂದು ಪಕ್ಕಕ್ಕೆ ಸರಿದ ಹಾಗಿದೆ. ಎಮಿಲಿ ಪಲ್ಲವಿಯನ್ನು ಎತ್ತಿಕೊಂಡಾಗ ಸ್ವರ ಅದೇ, ಸಾಹಿತ್ಯ ಅದೇ, ಹಾಡು ಮಾತ್ರ ಎರಡು ಪಟ್ಟು ದೊಡ್ಡದಾಗುತ್ತದೆ. ನೂರಾರು ಸಲ ಕೇಳಿದ್ದೇನೆ, ಆ ಜಾಗ ಸವೆದಿಲ್ಲ.

‘ಹೆವಿ ಈಸ್ ದ ಕ್ರೌನ್’ ಹಾಡಿನ ಸುಮಾರು 16 ಸೆಕೆಂಡುಗಳ ಕೂಗಿನ ಬಗ್ಗೆ ಆಗಲೇ ಸಾಕಷ್ಟು ಚರ್ಚೆಯಾಗಿದೆ. 2007ರ ‘ಗಿವನ್ ಅಪ್’ ಹಾಡಿನಲ್ಲಿ ಚೆಸ್ಟರ್ 17 ಸೆಕೆಂಡು ಕೂಗಿದ್ದರು, ಹೀಗಾಗಿ ಗಡಿಯಾರ ಹಿಡಿದು ಹೋಲಿಸಿದವರು ಬಹಳ. ನಾನೂ ಎರಡನ್ನೂ ಹೆಡ್‌ಫೋನಿನಲ್ಲಿ ಹಿಂದೆಮುಂದೆ ಹಾಕಿ ಕೇಳಿದೆ. ಚೆಸ್ಟರ್ ಕೂಗಿನಲ್ಲಿ ಬಟ್ಟೆ ಪರ್‍ರನೆ ಹರಿದ ಹಾಗೆ ಒಂದು ಸೀಳು ಇರುತ್ತದೆ, ಕೇಳುವವರ ಎದೆಗೂ ತಾಗುತ್ತದೆ. ಎಮಿಲಿ ಅವರದು ಒರಟು ಕಲ್ಲಿನ ಮೇಲೆ ಕಬ್ಬಿಣ ಉಜ್ಜಿದ ದನಿ. ಅದರಲ್ಲಿ ನೋವಿಗಿಂತ ಸಿಟ್ಟು ಹೆಚ್ಚು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಇದು ಕಿವಿಗೆ ಹತ್ತಲು ನನಗೆ ಮೂರು ತಿಂಗಳಾದರೂ ಬೇಕಾಯಿತು. ಹತ್ತಿದ ಮೇಲೆ ಹೋಲಿಕೆ ತಾನಾಗಿ ನಿಂತಿತು.

ಹಾಗಾದರೆ ಕೊರತೆ ಎಲ್ಲಿ? ಗಾಯಕಿಯಲ್ಲಿ ಖಂಡಿತ ಅಲ್ಲ. ಕೊರತೆ ಇರುವುದು ಬ್ಯಾಂಡಿನ ಅಂಜಿಕೆಯಲ್ಲಿ. ‘ಟೂ ಫೇಸ್ಡ್’ ಮೊದಲ ಸಲ ಕೇಳಿದಾಗ ಡಿಜೆ ಜೋ ಹಾನ್ ಅವರ ಸ್ಕ್ರ್ಯಾಚಿಂಗ್ (ರೆಕಾರ್ಡನ್ನು ಕೈಯಿಂದ ಹಿಂದೆಮುಂದೆ ಉಜ್ಜಿ ಹೊರಡಿಸುವ ಸದ್ದು) ಬಂದ ಕೂಡಲೇ ಕೂತಲ್ಲಿಂದ ಎದ್ದಿದ್ದೆ. 2000ದಿಂದ 2003ರ ತನಕದ ಲಿಂಕಿನ್ ಪಾರ್ಕ್ ಹಾಗೆಹಾಗೇ ಕಣ್ಣೆದುರು ನಿಂತಂತಾಯಿತು. ತಿಂಗಳೆರಡು ಕಳೆದ ಮೇಲೆ ಆ ಹಾಡು ಹಾಕಿದಾಗಲೆಲ್ಲ ನೇರವಾಗಿ ‘ಹೈಬ್ರಿಡ್ ಥಿಯರಿ’ಗೇ ಹೋಗುವ ಮನಸ್ಸಾಗುತ್ತಿತ್ತು. ಅಸಲಿಯನ್ನು ನೆನಪಿಸುವ ಹಾಡಿಗೆ ಬರುವ ಕಷ್ಟವೇ ಇದು. ‘ಕಟ್ ದ ಬ್ರಿಡ್ಜ್’ ಕಥೆಯೂ ಅದೇ. ‘ಓವರ್ ಈಚ್ ಅದರ್’ ಮತ್ತು ‘ಸ್ಟೇನ್ಡ್’ ನುಣುಪಾದ ಹಾಡುಗಳು. ಕೇಳುವಾಗ ಹಿತ, ಮುಗಿದ ಮೇಲೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಈಗೀಗ ಅವೆರಡನ್ನೂ ದಾಟಿಸಿಬಿಡುತ್ತೇನೆ.

2010ರಲ್ಲಿ ‘ಎ ಥೌಸಂಡ್ ಸನ್ಸ್’ ಮಾಡಿದ್ದು ಇದೇ ಬ್ಯಾಂಡ್. ಅಭಿಮಾನಿಗಳು ಮುನಿಸಿಕೊಂಡರೂ ಪರವಾಗಿಲ್ಲ ಎಂದು ತಮ್ಮ ದಾರಿ ಹಿಡಿದವರು ಅವರು. ಇಲ್ಲಿ ಹಾಗಿಲ್ಲ. ಮೊದಲ ಹಾಡಿಗೇ ನಿಮಗೆ ಪರಿಚಯದ ನಾವೇ ಎಂದು ಒಪ್ಪಿಸಿಬಿಡುವ ಆತುರ ಕಾಣುತ್ತದೆ. ಆಲ್ಬಂ ಉದ್ದವೂ ಎಲ್ಲ ಸೇರಿ ಸುಮಾರು 32 ನಿಮಿಷ, ಅದರಲ್ಲಿ ಪೀಠಿಕೆಯ ಮಾತೂ ಸೇರಿದೆ. ಏಳು ವರ್ಷ ಕಾದವರಿಗೆ ಇದು ಕಡಿಮೆ. ಅಳೆದು ಸುರಿದು ಬಡಿಸಿದಂತಿದೆ, ಇನ್ನೊಂದು ಸ್ವಲ್ಪ ಎನ್ನುವಷ್ಟರಲ್ಲಿ ಎಲೆ ಎತ್ತಿರುತ್ತಾರೆ.

ಅಂಜಿಕೆ ಬಿಟ್ಟ ಜಾಗಗಳೂ ಇವೆ, ವರ್ಷ ದಾಟಿ ನನ್ನ ಜೊತೆ ಉಳಿದದ್ದು ಅವೇ. ‘ಕ್ಯಾಶುವಾಲ್ಟಿ’ ಪಂಕ್ ವೇಗದಲ್ಲಿ ಮುಖಕ್ಕೇ ಬಡಿಯುತ್ತದೆ. ಶಾಂತ ದನಿಯ ಶಿನೋಡಾ ಇಷ್ಟು ಗಂಟಲು ಹರಿದು ಕೂಗಿದ್ದನ್ನು ನಾನು ಹೆಚ್ಚು ಕೇಳಿಲ್ಲ. ಅದು ಮುಗಿದ ಬೆನ್ನಿಗೇ ‘ಓವರ್‌ಫ್ಲೋ’. ಇಡೀ ಆಲ್ಬಂನಲ್ಲಿ ನನಗೆ ಹೆಚ್ಚು ಆಪ್ತವಾದದ್ದು ಇದು. ನಿಧಾನದ ತಾಳ, ಕೆಳಗೆ ಭಾರವಾದ ಬೇಸ್, ಅದರ ಮೇಲೆ ಇಬ್ಬರ ದನಿ ಹೊಗೆಯ ಹಾಗೆ ಒಂದರೊಳಗೊಂದು ಸುತ್ತಿಕೊಳ್ಳುತ್ತದೆ. ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಇದು ಏನೂ ಅಲ್ಲ. ಆ ಬೇಸೇ ಕೇಳಿಸುವುದಿಲ್ಲ. ರಾತ್ರಿ ದೀಪ ಆರಿಸಿ, ಒಳ್ಳೆಯ ಹೆಡ್‌ಫೋನ್ ಹಾಕಿ ಒಮ್ಮೆ ಕೇಳಿ. ಇಲ್ಲಿ ಚೆಸ್ಟರ್ ನೆನಪು ಬರುವುದಿಲ್ಲ, ಹಳೇ ಬ್ಯಾಂಡೂ ನೆನಪಿಗೆ ಬರುವುದಿಲ್ಲ. ಹೊಸ ಲಿಂಕಿನ್ ಪಾರ್ಕ್ ಅಂತ ಒಂದು ಇದ್ದರೆ ಅದು ಈ ಹಾಡಿನಲ್ಲಿದೆ. ಕೊನೆಯ ‘ಗುಡ್ ಥಿಂಗ್ಸ್ ಗೋ’ ಕೂಡ ತನ್ನನ್ನು ತಾನೇ ದೂರಿಕೊಳ್ಳುವ ಹಾಡು. ಶಿನೋಡಾ ಅವರ ರ್‍ಯಾಪ್, ಎಮಿಲಿ ಅವರ ಪಲ್ಲವಿ ಎರಡೂ ಹದವಾಗಿ ಕೂತಿವೆ.

ನನ್ನ ತಂಗಿಯ ಒಂದು ಮಾತು ಇಲ್ಲಿ ಹೇಳಲೇಬೇಕು. ಅವಳಿಗೆ ಈ ಬ್ಯಾಂಡಿನ ಪೂರ್ವಾಪರ ಏನೂ ಗೊತ್ತಿರಲಿಲ್ಲ. ಒಂದು ದಿನ ನಾನು ಹಾಕಿದ್ದ ಹಾಡು ಕೇಳುತ್ತಾ, “ಅಣ್ಣಾ, ಇವ್ಳು ಯಾರು? ಎಷ್ಟ್ ಚೆನ್ನಾಗ್ ಹಾಡ್ತಾಳೆ!” ಅಂದಳು. ಎಮಿಲಿ ಹೆಸರು ಹೇಳಿದೆ, ಉಳಿದದ್ದು ಏನೂ ಹೇಳಲಿಲ್ಲ. ವಾರ ಬಿಟ್ಟು ಅವಳೇ ಹಳೇ ಆಲ್ಬಂಗಳಿಗೆ ಹೋಗಿ, ಚೆಸ್ಟರ್ ಬಗ್ಗೆ ಓದಿಕೊಂಡು ಬಂದು ನನ್ನ ಪಕ್ಕ ಸುಮ್ಮನೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ, “ನಿಂಗೆ ಆಗ ತುಂಬಾ ಬೇಜಾರಾಗಿತ್ತಾ?” ಎಂದು ಕೇಳಿದಳು. ಎಮಿಲಿ ದನಿಯ ಮೂಲಕ ಅವಳು ಚೆಸ್ಟರ್ ಹತ್ತಿರ ಹೋದಳು, ನಾನು ಹೋದ ದಿಕ್ಕಿಗೆ ಪೂರ್ತಿ ಎದುರು ದಿಕ್ಕಿನಿಂದ. ಈ ಹೆಸರು ಇಟ್ಟುಕೊಳ್ಳಬೇಕಿತ್ತೇ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಅವತ್ತು ಮುಗಿಯಿತು.

2025ರ ಮೇ 16ಕ್ಕೆ ಡಿಲಕ್ಸ್ ಆವೃತ್ತಿ ಬಂತು, ‘ಅಪ್ ಫ್ರಮ್ ದ ಬಾಟಮ್’, ‘ಅನ್‌ಶ್ಯಾಟರ್’, ‘ಲೆಟ್ ಯು ಫೇಡ್’ ಎಂಬ ಮೂರು ಹೊಸ ಹಾಡುಗಳೊಂದಿಗೆ. ಈಗ ಕೊಳ್ಳುವವರು ಇದನ್ನೇ ಕೊಳ್ಳಿ. ‘ಅನ್‌ಶ್ಯಾಟರ್’ ಹಾಡನ್ನು ಮೂಲ ಆಲ್ಬಂನಿಂದ ಯಾಕೆ ಹೊರಗಿಟ್ಟರೋ, ‘ಸ್ಟೇನ್ಡ್’ ಜಾಗದಲ್ಲಿ ಅದಿದ್ದಿದ್ದರೆ ಆಲ್ಬಂ ಬೆನ್ನು ನೆಟ್ಟಗಾಗುತ್ತಿತ್ತು. ‘ಲೆಟ್ ಯು ಫೇಡ್’ ಮಾತ್ರ ಬೇರೆಯೇ. ಹೋದವರನ್ನು ನೆನಪಿನಿಂದ ಮಾಸಲು ಬಿಡಲಾರೆ ಎಂಬ ಹಾಡು. ಯಾರ ಹೆಸರೂ ಅದರಲ್ಲಿಲ್ಲ, ನನಗೆ ಕೇಳಿಸಿದ್ದು ಒಂದೇ ಹೆಸರು. ಮೂಲ ಹನ್ನೊಂದರಲ್ಲಿ ಇಷ್ಟು ಬಿಚ್ಚಿ ಮಾತಾಡಿದ ಹಾಡು ಇನ್ನೊಂದಿಲ್ಲ.

ಬಂದ ವಾರ ಕೇಳಿದ್ದರೆ ಐದರಲ್ಲಿ ನಾಲ್ಕೂವರೆ ಅನ್ನುತ್ತಿದ್ದೆ, ಎರಡನೇ ತಿಂಗಳಲ್ಲಿ ಎರಡೂವರೆ. ಈಗ ಮೂರೂವರೆ ಕೊಡುತ್ತೇನೆ. ಹೊಸದಾಗಿ ಕೇಳುವವರು ಸಾಲಾಗಿ ಕೇಳದೆ, ‘ಕ್ಯಾಶುವಾಲ್ಟಿ’, ‘ಓವರ್‌ಫ್ಲೋ’ ಎರಡನ್ನೂ ಮೊದಲು ಬೆನ್ನುಬೆನ್ನಿಗೆ ಹಾಕಿಕೊಂಡು, ಆಮೇಲೆ ಮೊದಲಿನಿಂದ ಶುರುಮಾಡಿ.