ಮಳೆಗಾಲದಲ್ಲಿ ಇವಿ ಕಾರು ಚಾರ್ಜ್ ಮಾಡುವವರೇ, ಈ ಪ್ಲಗ್ ಮಾತ್ರ ಮುಟ್ಟಬೇಡಿ

ಹೋದ ಜುಲೈನಲ್ಲಿ ಆಯಿಯನ್ನು ಕಾರವಾರದ ಆಸ್ಪತ್ರೆಗೆ ತೋರಿಸಿಕೊಂಡು ಶಿರಸಿಗೆ ವಾಪಸ್ ಹೊರಟಿದ್ದೆ. ನನ್ನದು 30 ಯೂನಿಟ್ ಬ್ಯಾಟರಿಯ ಚಿಕ್ಕ ಕಾರು. ಬೆಳಿಗ್ಗೆ ಶಿರಸಿಯಿಂದ ಬರುವಾಗ ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿಯುವಾಗ ಬ್ಯಾಟರಿ ಖರ್ಚೇ ಆಗಲಿಲ್ಲ, ಸ್ವಲ್ಪ ತುಂಬಿಕೊಂಡಿತು ಕೂಡ. ಅದನ್ನು ನಂಬಿ ನಾನು ಲೆಕ್ಕ ತಪ್ಪಿದೆ. ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಮೇಲೆ. ನನ್ನ ಕಾರಿಗೆ ಆ ಏರಿಕೆಗೇ ನೂರಕ್ಕೆ ಹತ್ತರಷ್ಟು ಚಾರ್ಜ್ ಜಾಸ್ತಿ ಬೇಕು.

ಕಾರವಾರದಲ್ಲಿ ಆ್ಯಪ್ ಖಾಲಿ ಇದೆ ಎಂದು ತೋರಿಸಿದ ಚಾರ್ಜರ್‌ನ ಪರದೆಯೇ ಹೊತ್ತಲಿಲ್ಲ. ಹೆದ್ದಾರಿಯಲ್ಲಿ ಸಿಕ್ಕ ಇನ್ನೊಂದು ನಾಲ್ಕು ನಿಮಿಷ ಓಡಿ ನಿಂತಿತು, ವ್ಯಾಲೆಟ್‌ನ 300 ರೂಪಾಯಿ ಅಲ್ಲೇ ಸಿಕ್ಕಿಕೊಂಡಿತು. ಕುಮಟಾ ಮುಟ್ಟುವಾಗ ಉಳಿದಿದ್ದು ಶೇಕಡಾ 22. ಮುಂದೆ 60 ಕಿಲೋಮೀಟರ್ ಘಟ್ಟದ ದಾರಿ. ಆಯಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ಸೀದಾ ಕುಮಟಾದಲ್ಲೇ ಇರುವ ಚಿಕ್ಕಮ್ಮನ ಮನೆಗೆ ಹೋದೆವು.

ಕಾರಿನ ಜೊತೆ ಬಂದ ಚಾರ್ಜರ್ ಅನ್ನು ಅವರ ಮನೆಯ 15 ಆಂಪ್ ಸಾಕೆಟ್‌ಗೆ ಹಾಕಿದೆ. ಗಂಟೆಗೆ ಸುಮಾರು 3 ಯೂನಿಟ್ ಸಿಗುತ್ತದೆ, ಮೂರು ಗಂಟೆ ಸಾಕಿತ್ತು. ಆದರೆ ಕೆಂಪು ದೀಪ ಬಂತು. ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ, ಇಲ್ಲ ಅಂತ ಅರ್ಥ.

ಚಿಕ್ಕಮ್ಮನ ಮಗ ಪರಿಚಯದ ವೈರ್‌ಮನ್ ಒಬ್ಬರನ್ನು ಕರೆದುಕೊಂಡು ಬಂದ. ಅವರು ಚೀಲದಿಂದ ಒಂದು ಪ್ಲಗ್ ತೆಗೆದು, "ಎಂತದೂ ಆಗೂದಿಲ್ಲ, ಎಲ್ರೂ ಇದೇ ಹಾಕ್ತಾರೆ" ಅಂದರು. ಸಾಕೆಟ್‌ಗೂ ಚಾರ್ಜರ್‌ಗೂ ನಡುವೆ ಅದನ್ನು ಹಾಕಿದ ಕೂಡಲೇ ಹಸಿರು ದೀಪ! ಆಯಿಯ ಮುಖದಲ್ಲಿ ಸಮಾಧಾನ. ನನಗೂ ಹಾಗೇ ಬಿಟ್ಟುಬಿಡೋಣ ಅನ್ನಿಸಿತ್ತು.

ಆ ಪ್ಲಗ್ ಒಳಗೆ ಇರುವುದು ಇಷ್ಟೇ: ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ಪಿನ್ನನ್ನೂ ಅರ್ಥಿಂಗ್ ಪಿನ್ನನ್ನೂ ಒಂದಕ್ಕೊಂದು ಜೋಡಿಸಿರುತ್ತಾರೆ. ಚಾರ್ಜರ್‌ಗೆ ಅರ್ಥಿಂಗ್ ಇದೆ ಎಂದು ಸುಳ್ಳು ಹೇಳಿದ ಹಾಗೆ. ಚಾರ್ಜರ್‌ನ ಅರ್ಥಿಂಗ್ ತಂತಿ ಕಾರಿನ ಬಾಡಿಗೇ ಸೇರಿರುತ್ತದೆ. ಹಳೇ ಮನೆಗಳ ವೈರಿಂಗ್‌ನಲ್ಲಿ ಕರೆಂಟ್ ತರುವ ಫೇಸ್ ತಂತಿಯೂ ನ್ಯೂಟ್ರಲ್ ತಂತಿಯೂ ಅದಲುಬದಲಾಗಿದ್ದರೆ ಇಡೀ ಕಾರಿಗೆ 230 ವೋಲ್ಟ್ ಬರುತ್ತದೆ. ಗಾಳಿ ಮಳೆಗೆ ನ್ಯೂಟ್ರಲ್ ತಂತಿ ತುಂಡಾದರೂ ಅದೇ ಗತಿ. ಟೈರು ರಬ್ಬರಿನದು, ಆ ಕರೆಂಟ್ ನೆಲಕ್ಕೆ ಇಳಿಯುವುದಿಲ್ಲ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಯಾರಾದರೂ ಬಾಗಿಲು ಮುಟ್ಟಿದರೆ ಅವರ ಮೈಯಲ್ಲೇ ಇಳಿಯುತ್ತದೆ. ಚಿಕ್ಕಮ್ಮನ ಮೊಮ್ಮಗಳು ಆಗಲೇ ಚಪ್ಪಲಿ ಇಲ್ಲದೆ ಕಾರಿನ ಸುತ್ತ ಓಡಾಡುತ್ತಿದ್ದಳು. ಅವಳನ್ನು ನೋಡಿ ನನಗೆ ಕೈಕಾಲು ತಣ್ಣಗಾಯಿತು. ಮೇನ್ ಸ್ವಿಚ್ ಆಫ್ ಮಾಡಿಸಿ ಪ್ಲಗ್ ಕಿತ್ತೆ.

ವೈರ್‌ಮನ್‌ಗೆ ಬೇಜಾರಾಯಿತು. ಆಗಲಿ. ಈ ಪ್ಲಗ್ಗನ್ನು ಸಹಾಯ ಅಂತಲೇ ಕೊಡುತ್ತಾರೆ, ಅದಕ್ಕೇ ನಾವು ಬೇಡ ಅನ್ನಲು ಹಿಂಜರಿಯುತ್ತೇವೆ. ದಯವಿಟ್ಟು ಹಿಂಜರಿಯಬೇಡಿ. ಕೆಂಪು ದೀಪ ಬಂದರೆ ಬೇರೆ ಮನೆ, ಬೇರೆ ಸಾಕೆಟ್ ನೋಡಿ. ಇಲ್ಲದಿದ್ದರೆ ರಾತ್ರಿ ಅಲ್ಲೇ ಉಳಿಯಿರಿ. ಹೊರಡುವ ಮೊದಲೇ ಚಾರ್ಜರ್ ಇರುವ ಹೋಟೆಲ್‌ಗೋ ಬಂಕ್‌ಗೋ ಫೋನ್ ಮಾಡಿ, ಇವತ್ತು ಯಾರಾದರೂ ಚಾರ್ಜ್ ಮಾಡಿದ್ದಾರಾ ಎಂದು ಕೇಳಿ. ಕರಾವಳಿಯಿಂದ ಮೇಲೆ ಹತ್ತುವವರು ಇಳಿಯುವಾಗ ಆದ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಾವು ಆ ರಾತ್ರಿ ಕುಮಟಾದಲ್ಲೇ ಉಳಿದೆವು. ಬೆಳಿಗ್ಗೆ ಬೇರೆ ಎಲೆಕ್ಟ್ರಿಷಿಯನ್ ಬಂದು ಹಿತ್ತಿಲಲ್ಲಿ ಅಗೆದು ನೋಡಿದರು. ಅರ್ಥಿಂಗ್ ತಂತಿ ನೆಲದಲ್ಲಿ ಹೂತ ಪೈಪಿನ ಹತ್ತಿರ ತುಕ್ಕು ಹಿಡಿದು ಪೂರ್ತಿ ಕಡಿದು ಹೋಗಿತ್ತು. ಉಪ್ಪು ಗಾಳಿಯ ಊರು ಅಲ್ವಾ. ಹೊಸ ತಂತಿ ಹಾಕಿದ ಮೇಲೆ ನಮ್ಮ ಚಾರ್ಜರ್‌ನಲ್ಲಿ ಹಸಿರು ದೀಪ ಬಂತು. ಅಲ್ಲೇ ನಿಂತು ನೋಡುತ್ತಿದ್ದ ಚಿಕ್ಕಮ್ಮ ಮೆಲ್ಲಗೆ ಅಂದರು, "ಎರಡು ವರ್ಷದಿಂದ ಗ್ರೈಂಡರ್ ಮುಟ್ಟಿದ್ರೆ ಕೈ ಜುಮ್ ಅಂತಿತ್ತು. ಮಳೆಗಾಲಕ್ಕೆ ಹಾಗೇ ಆಗ್ತದೆ ಅಂದ್ಕೊಂಡಿದ್ದೆ."