ಕ್ಯಾಮ್‌ಕಾರ್ಡರಿಗೆ ಕಾಲರ್ ಮೈಕೋ, ಪ್ರತ್ಯೇಕ ರೆಕಾರ್ಡರೋ?

ಸಾಧಾರಣ ಕ್ಯಾಮ್‌ಕಾರ್ಡರಿನ ಒಳಮೈಕು ಎದುರಿನವರ ಮಾತಿನೊಂದಿಗೆ ಫ್ಯಾನಿನ ಸದ್ದನ್ನೂ ಜೂಮ್ ಒತ್ತುವ ಬೆರಳಿನ ಸದ್ದನ್ನೂ ಹಿಡಿಯುತ್ತದೆ. ಮಾತು ನಿಂತೊಡನೆ ಸ್ವಯಂಚಾಲಿತ ಗೇನ್ (ಮೈಕಿನ ಸಂಕೇತವನ್ನು ಕ್ಯಾಮೆರಾ ತಾನಾಗಿಯೇ ಹಿಗ್ಗಿಸುವ ಪ್ರಮಾಣ) ಏರುವುದರಿಂದ ಹಿನ್ನೆಲೆಯ ಗದ್ದಲವೂ ಉಬ್ಬಿ ಬರುತ್ತದೆ. ತೆರೆದ ಜಾಗದಲ್ಲಿ ಮೈಕಿನ ದೂರ ಇಮ್ಮಡಿಯಾದರೆ ಧ್ವನಿಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದ್ದರಿಂದ ದೂರದ ಕ್ಯಾಮೆರಾದ ಮೇಲೆ ಕೂರಿಸಿದ ದುಬಾರಿ ಶಾಟ್‌ಗನ್ ಮೈಕಿಗಿಂತ (ಮುಖ್ಯವಾಗಿ ಎದುರಿನ ಸದ್ದನ್ನೇ ಹಿಡಿಯುವ ಉದ್ದನೆಯ ಮೈಕು) ಅಂಗಿಗೆ ಸಿಕ್ಕಿಸಿದ ಅಗ್ಗದ ಕಾಲರ್ ಮೈಕೇ ಸಾಮಾನ್ಯವಾಗಿ ಮಾತನ್ನು ಸ್ಪಷ್ಟವಾಗಿ ಕೇಳಿಸುತ್ತದೆ.

ಕ್ಯಾಮೆರಾದಲ್ಲಿ 3.5 ಮಿ.ಮೀ. ಮೈಕ್ ಜ್ಯಾಕ್ ಇದ್ದು, ಒಬ್ಬರ ಸಂದರ್ಶನವಷ್ಟೇ ಉದ್ದೇಶವಾಗಿದ್ದರೆ ತಂತಿಯ ಕಾಲರ್ ಮೈಕು ಸಾಕು. ಧ್ವನಿ ನೇರವಾಗಿ ವಿಡಿಯೊದಲ್ಲೇ ಸೇರುತ್ತದೆ. ಕೊಳ್ಳುವಾಗ ಪ್ಲಗ್ಗನ್ನು ನೋಡಬೇಕು: ಮೊಬೈಲಿಗೆಂದು ಮಾಡಿದ ಮೈಕಿನ ಪ್ಲಗ್ಗಿನಲ್ಲಿ ಮೂರು ಗೆರೆಗಳಿರುತ್ತವೆ, ಕ್ಯಾಮೆರಾದ ಸ್ಟೀರಿಯೊ ಜ್ಯಾಕ್‌ಗೆ ಎರಡು ಗೆರೆಗಳದ್ದು ಬೇಕು. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಅಪರೂಪ.

ಜ್ಯಾಕ್ ಇಲ್ಲದಿದ್ದರೆ, ಅಥವಾ ಯಕ್ಷಗಾನದಂಥ ಕಾರ್ಯಕ್ರಮವನ್ನು ಚಿತ್ರೀಕರಿಸುವುದಾದರೆ, ಧ್ವನಿಗೆಂದೇ ಇರುವ ಪ್ರತ್ಯೇಕ ರೆಕಾರ್ಡರೇ ನನ್ನ ಆಯ್ಕೆ. ಚೆಂಡೆಯ ಪ್ರತಿ ಪೆಟ್ಟಿಗೂ ಕ್ಯಾಮೆರಾದ ಸ್ವಯಂಚಾಲಿತ ಗೇನ್ ತಗ್ಗಿ ಭಾಗವತರ ಹಾಡು ಹಿಂದೆ ಸರಿಯುತ್ತದೆ. ರೆಕಾರ್ಡರಿನಲ್ಲಾದರೆ ಗೇನನ್ನು ಕೈಯಿಂದಲೇ ನಿಗದಿಪಡಿಸಿ, ಅತಿ ಜೋರಿನ ಪೆಟ್ಟು ಅದರ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ಮೀರದಂತೆ ಇಡಬಹುದು (ಸೊನ್ನೆ ದಾಟಿದರೆ ಧ್ವನಿ ಒಡೆಯುತ್ತದೆ). ಇದಕ್ಕೆ ತೆರಬೇಕಾದ ಬೆಲೆ ಎಡಿಟಿಂಗ್ ಶ್ರಮ: ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಿ ದೃಶ್ಯ-ಧ್ವನಿಗಳನ್ನು ಹೊಂದಿಸಬೇಕು; ಎರಡು ಯಂತ್ರಗಳ ಗಡಿಯಾರಗಳು ತುಸು ಬೇರೆಯಾಗಿ ಓಡುವುದರಿಂದ ದೀರ್ಘ ಪ್ರಸಂಗದಲ್ಲಿ ನಡುನಡುವೆ ಮತ್ತೆ ಸರಿಪಡಿಸಬೇಕಾಗಬಹುದು.